ಮಳೆ ಬಿಟ್ಟಿತು, ಇನ್ನು ಹಕ್ಕಿ ನೋಡಲು ಎಲ್ಲಿಗೆ? (ಮಂಗಳೂರು, ಉಡುಪಿ)

ಕಾವೂರಿನ ಅಪ್ಪ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮಳೆ ಹೆಚ್ಚುಕಡಿಮೆ ಬಿಟ್ಟಿತು. ಸಂಜೆ ಒಂದು ಗುಡುಗು ಮಳೆ ಬಂದರೂ ಬೆಳಗ್ಗೆ ಒಳ್ಳೆಯ ಬಿಸಿಲು. ಶಾಲೆಯಲ್ಲಿ ಯಾರೋ ನನ್ನ ಮಗಳಿಗೆ ಹಕ್ಕಿ ಹುಚ್ಚು ಹಿಡಿಸಿದ್ದಾರೆ. ಈಗ ಅದು ನನಗೂ ಅಂಟಿದೆ. ಭಾನುವಾರ ಬೇಗ ಹೊರಟು ಹತ್ತು, ಹತ್ತೂವರೆಗೆ ಮನೆ ಸೇರುವಂಥ ಜಾಗ ಹೇಳಿ. ಅಮ್ಮನೂ ಬರುತ್ತೇನೆ ಅಂತಾರೆ. ಅವರಿಗೆ ಮೊಣಗಂಟು ನೋವು, ಗುಡ್ಡ ಹತ್ತಲು ಆಗುವುದಿಲ್ಲ. ಕಾರು ಇದೆ, ಉಡುಪಿವರೆಗೆ ಬರಲು ತೊಂದರೆ ಇಲ್ಲ. ಬೈನಾಕ್ಯುಲರ್ ಇನ್ನೂ ತಗೊಂಡಿಲ್ಲ, ಯಾವುದು ಒಳ್ಳೆಯದು? ಪಿಲಿಕುಳಕ್ಕೆ ಹೋದರೆ ಸಾಕಾ?

ಕದ್ರಿ ಗುಡ್ಡೆ · ಸೋಮವಾರ ರಾತ್ರಿ

ಪಿಲಿಕುಳ ಒಳ್ಳೆಯ ಜಾಗವೇ. ಕೆರೆ ಉಂಟು, ಮರ ಉಂಟು, ಅಮ್ಮನಿಗೆ ಕೂರಲು ಜಾಗ ಉಂಟು. ಆದರೆ ಟಿಕೆಟ್ ಕೊಡಲು ಶುರು ಮಾಡುವ ಹೊತ್ತಿಗೆ ಹಕ್ಕಿಗಳ ಬೆಳಗಿನ ಗದ್ದಲ ಮುಗಿದಿರುತ್ತದೆ. ನವೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಮೂಡುವುದು ಆರೂವರೆ ಆಸುಪಾಸು. ಅಲ್ಲಿಂದ ಎಂಟೂವರೆವರೆಗೆ ಇರುವಷ್ಟು ಚಟುವಟಿಕೆ ಮತ್ತೆ ಇಡೀ ದಿನ ಇರುವುದಿಲ್ಲ. ಆ ಹೊತ್ತಿಗೆ ಕದ್ರಿ ಪಾರ್ಕೇ ವಾಸಿ. ನಗುವ ಕ್ಲಬ್ಬಿನವರು ಬಂದು ನಗಲು ಶುರು ಮಾಡುವ ಮೊದಲು ಒಂದು ಸುತ್ತು ಮುಗಿಸಿಬಿಡಿ.

ಕಂಚುಕುಟಿಗ, ಕುಟ್ರು ಹಕ್ಕಿ, ಮಡಿವಾಳ, ಪಿಕಳಾರ ವರ್ಷವಿಡೀ ಇರುತ್ತವೆ. ಈಗ ಹೊಸದಾಗಿ ಬಂದವರನ್ನು ಹುಡುಕಿ. ಹೊನ್ನಕ್ಕಿ ಬಂದಿರುತ್ತದೆ. ಬೂದು ಕಾಜಾಣ ಬಂದಿರುತ್ತದೆ. ಗದ್ದೆ ಬದಿ ತಂತಿ ಮೇಲೆ ಕೂರುವ ಕರಿ ಕಾಜಾಣದ ಹಾಗೇ ಕಾಣುತ್ತದೆ, ಆದರೆ ಮೈ ಬೂದು, ಕಣ್ಣಿನ ಕೆಂಪು ಎದ್ದು ಕಾಣುತ್ತದೆ, ಕೂರುವುದು ಮರದ ತುದಿಯಲ್ಲಿ. ಎತ್ತರದ ಮರದ ಎಲೆಗಳ ನಡುವೆ ಹೆಬ್ಬೆರಳು ಗಾತ್ರದ ಹಸಿರು ಹಕ್ಕಿ "ಚಿಸ್ವೀ" ಅಂತ ಕೂಗುತ್ತಾ ಒಂದು ಕ್ಷಣ ಸುಮ್ನೆ ಕೂರದೆ ಓಡಾಡುತ್ತಿದ್ದರೆ ಅದು ಗ್ರೀನಿಶ್ ವಾರ್ಬ್ಲರ್. ಫೋಟೋ ತೆಗೆಯಲು ಹೋಗಬೇಡಿ, ತಲೆಕೆಡುತ್ತದೆ. ಸ್ವರ ಕಲಿತರೆ ಏಪ್ರಿಲ್‌ವರೆಗೆ ದಿನಾ ಸಿಗುತ್ತದೆ.

ಮಣ್ಣಪಳ್ಳ ರೌಂಡ್ಸ್ · ಸೋಮವಾರ ರಾತ್ರಿ

ಉಡುಪಿ ಕಡೆ ಬರುವುದಾದರೆ ಮಣಿಪಾಲದ ಮಣ್ಣಪಳ್ಳ ಕೆರೆ. ಸುತ್ತ ಸಮತಟ್ಟಾದ ನಡಿಗೆ ದಾರಿ, ಮೊಣಗಂಟಿಗೆ ತೊಂದರೆ ಇಲ್ಲ. ನೀರುಕಾಗೆ, ಶಿಳ್ಳೆ ಬಾತು, ಕೆನ್ನೀಲಿ ಬಕ, ಮಿಂಚುಳ್ಳಿ. ನೀಲಿ ಬಾಲದ ಕಳ್ಳಿಪೀರ ಈ ತಿಂಗಳು ತಂತಿ ಮೇಲೆ ಸಾಲಾಗಿ ಕೂತಿರುತ್ತದೆ.

ಬೈನಾಕ್ಯುಲರ್ 8×42 ತಗೊಳ್ಳಿ. 8 ಅಂದರೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 10×50 ನೋಡಿ ಆಸೆಪಡಬೇಡಿ. ಭಾರ ಜಾಸ್ತಿ, ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ, ಮಗುವಿನ ಕುತ್ತಿಗೆಗಂತೂ ಆಗುವುದೇ ಇಲ್ಲ. ಅಂಗಡಿಯಲ್ಲಿ "20 ಪಟ್ಟು, 50 ಪಟ್ಟು" ಅಂತ ಅಗ್ಗಕ್ಕೆ ಮಾರುವುದನ್ನು ಮುಟ್ಟಲೇಬೇಡಿ.

ಪಡುಕೆರೆ ಗಾಳಿ · ಮಂಗಳವಾರ ಬೆಳಗ್ಗೆ

ಪಾರ್ಕಿನ ಸುದ್ದಿ ಪಾರ್ಕಿನವರು ಹೇಳಿ ಆಯಿತು. ನಮ್ಮ ಎರಡು ಜಿಲ್ಲೆಗಳಲ್ಲಿ ನವೆಂಬರಿನ ಮಜಾ ಇರುವುದು ಅಳಿವೆಗಳಲ್ಲಿ. ನೇತ್ರಾವತಿ, ಫಲ್ಗುಣಿ ಕಡಲು ಸೇರುವ ಉಳ್ಳಾಲ–ಬೆಂಗ್ರೆ. ಶಾಂಭವಿ, ನಂದಿನಿ ಕೂಡುವ ಸಸಿಹಿತ್ಲು. ಉದ್ಯಾವರ ಹೊಳೆಯ ಪಡುಕೆರೆ. ಸುವರ್ಣಾ, ಸೀತಾ ಒಟ್ಟಿಗೆ ಕಡಲಿಗೆ ಬೀಳುವ ಕೋಡಿಬೆಂಗ್ರೆ. ಕಾರು ದಡದ ಹತ್ತಿರದವರೆಗೆ ಹೋಗುತ್ತದೆ. ಅಮ್ಮನಿಗೆ ಒಂದು ಮಡಚುವ ಕುರ್ಚಿ ಇಟ್ಟುಕೊಳ್ಳಿ, ಸಾಕು.

ಒಂದೇ ಷರತ್ತು. ಇಲ್ಲಿ ಗಡಿಯಾರದ ಮಾತು ನಡೆಯುವುದಿಲ್ಲ, ಭರತ-ಇಳಿತದ ಮಾತು ನಡೆಯುತ್ತದೆ. ಎಷ್ಟೋ ಜನ ಐದು ಗಂಟೆಗೆ ಎದ್ದು ಬಂದು, ತುಂಬಿದ ನೀರು ನೋಡಿ, "ಎಂತದ್ದೂ ಇಲ್ಲ ಮಾರಾಯ್ರೆ" ಅಂತ ವಾಪಸ್ ಹೋಗುತ್ತಾರೆ. ಹಕ್ಕಿಗಳು ಅಲ್ಲೇ ಎಲ್ಲೋ ದಿಬ್ಬದ ಮೇಲೆ ಒಂಟಿಕಾಲಲ್ಲಿ ನಿದ್ದೆ ಮಾಡುತ್ತಿರುತ್ತವೆ. ಅವುಗಳ ಊಟದ ಬಯಲು ನೀರಿನ ಅಡಿಗೆ ಹೋಗಿರುತ್ತದೆ, ಅಷ್ಟೆ.

ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಈ ಭಾನುವಾರ ಏಳು ಗಂಟೆಗೆ ಇಳಿತ ಇದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಭರತ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಅಷ್ಟಮಿ ಹೊತ್ತಿಗೆ ಏರಿಳಿತ ಸಣ್ಣದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಏರುವ ನೀರು ನಮ್ಮಲ್ಲಿ ಜಾಸ್ತಿ ಅಂದರೆ ಒಂದೂವರೆ ಮೀಟರ್ ಏರಬಹುದು. ಆದರೆ ಚಪ್ಪಟೆ ಕೆಸರಿನಲ್ಲಿ ಅಷ್ಟು ಇಳಿದರೂ ದೊಡ್ಡ ಬಯಲೇ ತೆರೆದುಕೊಳ್ಳುತ್ತದೆ. ಮೊಬೈಲಿನಲ್ಲಿ ಭರತ-ಇಳಿತದ ಆ್ಯಪ್ ಬೇಕಾದಷ್ಟಿವೆ. ಅದಕ್ಕಿಂತ ಒಳ್ಳೆಯದು ಹಿಂದಿನ ದಿನ ದೋಣಿಯವರನ್ನು ಕೇಳುವುದು.

ಪೂರ್ತಿ ಇಳಿದಾಗ ಹಕ್ಕಿಗಳು ದೂರ ದೂರ ಚದುರಿರುತ್ತವೆ. ನೀರು ತಿರುಗಿ ಏರಲು ಶುರುವಾದ ಮೇಲಿನ ಒಂದೆರಡು ಗಂಟೆ ಒಳ್ಳೆಯದು. ನೀರೇ ಅವುಗಳನ್ನು ನಿಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ಅಲ್ಲಿ ಲಡಾಖ್, ಟಿಬೆಟ್ ಕಡೆ ಮರಿ ಮಾಡಿ ಬಂದ ಸ್ಯಾಂಡ್ ಪ್ಲವರ್‌ಗಳು ಓಡಿ, ನಿಂತು, ಮತ್ತೆ ಓಡುತ್ತವೆ. ಕೆಂಟಿಷ್ ಪ್ಲವರ್ ಇರುತ್ತದೆ. ಅಲೆ ಹಿಂದೆ ಸರಿದಾಗ ಅದರ ಬೆನ್ನಿಗೇ ಓಡಿ, ಅಲೆ ಬಂದಾಗ ತಾನೂ ಹಿಂದೆ ಓಡುವ ಬಿಳಿ ಹಕ್ಕಿ ಸ್ಯಾಂಡರ್ಲಿಂಗ್. ಅದು ಉತ್ತರ ಧ್ರುವದ ಕಡೆಯಿಂದ ಬಂದದ್ದು. ಕೆಳಗೆ ಬಾಗಿದ ಉದ್ದ ಕೊಕ್ಕಿನದು ವಿಂಬ್ರೆಲ್. ಮಗಳಿಗೆ ಮೊದಲು ಸ್ಯಾಂಡರ್ಲಿಂಗ್ ತೋರಿಸಿ. ಅದರ ಓಟ ನೋಡಿ ನಗದ ಮಕ್ಕಳಿಲ್ಲ.

ಕಾವೂರಿನ ಅಪ್ಪ · ಮಂಗಳವಾರ ಮಧ್ಯಾಹ್ನ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ ಗಾಳಿಯಣ್ಣ. ಭರತದ ಹೊತ್ತಿಗೆ ದಿಬ್ಬದ ಮೇಲೆ ಮಲಗಿರುತ್ತವೆ ಅಂದಿರಲ್ಲ, ಹಾಗಾದರೆ ಆಗ ಹತ್ತಿರ ಹೋಗಿ ನೋಡಬಹುದಲ್ವಾ?

ಪಡುಕೆರೆ ಗಾಳಿ · ಮಂಗಳವಾರ ಮಧ್ಯಾಹ್ನ

ಅದೊಂದು ಮಾಡಬೇಡಿ. ಅವು ಸಾವಿರಾರು ಕಿಲೋಮೀಟರ್ ಹಾರಿ ಬಂದು ಸೊರಗಿರುತ್ತವೆ. ತಿನ್ನಲು ಸಿಗುವುದು ಇಳಿತದ ಕೆಲವೇ ಗಂಟೆ. ಉಳಿದ ಹೊತ್ತು ವಿಶ್ರಾಂತಿ. ನಾವು ಹತ್ತಿರ ಹೋಗಿ ಎಬ್ಬಿಸಿದರೆ, ತಿಂದದ್ದೆಲ್ಲ ಹಾರಾಟಕ್ಕೇ ಖರ್ಚು. ಬೆಂಗ್ರೆಗಳಲ್ಲಿ, ಅಂದರೆ ಹೊಳೆ ಮತ್ತು ಕಡಲಿನ ನಡುವಿನ ಮರಳ ಪಟ್ಟಿಗಳಲ್ಲಿ, ಬೀದಿನಾಯಿಗಳ ಕಾಟ ಮೊದಲೇ ಇದೆ. ಅದರ ಮೇಲೆ ಡ್ರೋನ್ ಹಾರಿಸುವವರು. ರೀಲ್ಸ್ ಚೆನ್ನಾಗಿ ಬರಲಿ ಅಂತ ಹಿಂಡಿನ ಮಧ್ಯೆ ಓಡುವವರನ್ನೂ ನೋಡಿದ್ದೇನೆ. ಬೈದಿದ್ದೇನೆ ಕೂಡ.

ಬೈಲುಮನೆ · ಮಂಗಳವಾರ ರಾತ್ರಿ

ಹಕ್ಕಿ ನೋಡುವವರ ಮಾತು ಓದುತ್ತಾ ಇದ್ದೆ. ನಮ್ಮದು ಬೈಲು ಗದ್ದೆ, ಮೂಲ್ಕಿ ಕಡೆ. ಏಣೇಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಈಗ ನಡೆಯುತ್ತಾ ಇದೆ. ಕಟಾವು ಯಂತ್ರ ಗದ್ದೆಗೆ ಇಳಿಯಿತು ಅಂದರೆ ಹಿಂದಿನಿಂದ ಬೆಳ್ಳಕ್ಕಿ, ಮೈನಾ, ಕಾಜಾಣ ಎಲ್ಲ ಮೆರವಣಿಗೆ. ಕೊಯ್ದು ಒಂದು ವಾರ ಬಿಟ್ಟು ಬೆಳಗ್ಗೆ ನೋಡಿದರೆ ಬಾಲ ಕುಣಿಸುವ ಕುಂಡೆಕುಸ್ಕ, ಹಳದಿಯದ್ದು ಒಂದು ಜಾತಿ, ಬೂದಿಯದ್ದು ಒಂದು ಜಾತಿ, ಕೊಯ್ದ ಬುಡದ ನಡುವೆ ಓಡುತ್ತಾ ಇರುತ್ತವೆ. ಟಿಟ್ಟಿಭದ ಜತೆಗೆ ಬೆನ್ನ ಮೇಲೆ ಚಿನ್ನದ ಬಣ್ಣದ ಚುಕ್ಕೆ ಇರುವ ಹಕ್ಕಿಗಳ ಹಿಂಡೂ ಇಳಿಯುತ್ತದೆ. ನೋಡಲು ಬರುವವರು ಖಂಡಿತ ಬನ್ನಿ.

ಆದರೆ ಒಂದು ಮಾತು. ಕೊಯ್ದ ಗದ್ದೆ ಅಂದರೆ ಖಾಲಿ ಜಾಗ ಅಂತ ತಿಳಿಯಬೇಡಿ. ಮಣ್ಣಿನ ಪಸೆ ಆರುವ ಮೊದಲೇ ಉದ್ದು ಬಿತ್ತುತ್ತೇವೆ. ಹೋದ ವರ್ಷ ಕ್ಯಾಮೆರಾ ಹಿಡಿದುಕೊಂಡ ನಾಲ್ಕು ಜನ ಮೊಳಕೆ ಬಂದ ಉದ್ದಿನ ಮೇಲೆ ಹೊಟ್ಟೆ ಹಾಸಿ ಮಲಗಿದ್ದರು. ಕೇಳಿದರೆ "ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರಬೇಕು ಸರ್" ಅಂದರು. ನನ್ನ ಉದ್ದು ನೆಲದ ಮಟ್ಟಕ್ಕೆ ಬಂತು. ಹುಣಿ (ಗದ್ದೆಯ ಬದು) ಮೇಲೆ ನಡೆಯಿರಿ, ಗದ್ದೆಗೆ ಇಳಿಯಬೇಡಿ. ಕಟ್ಟಹುಣಿ ಹಸಿ ಇದ್ದರೆ ಅದರ ಮೇಲೂ ಬೇಡ, ಜರಿಯುತ್ತದೆ. ಮತ್ತೆ, ಯಾರ ಗದ್ದೆ ಅಂತ ಒಂದು ಮಾತು ಕೇಳಿ. ಯಾರೂ ಬೇಡ ಅನ್ನುವುದಿಲ್ಲ.

ನವಿಲಿನ ಬಗ್ಗೆ ನನ್ನನ್ನು ಕೇಳಬೇಡಿ. ರಾಷ್ಟ್ರಪಕ್ಷಿ, ಚಂದದ್ದು, ಎಲ್ಲ ಹೌದು. ನೇಜಿ ನೆಟ್ಟವನಿಗೆ, ಅಲಸಂಡೆ ಹಾಕಿದವನಿಗೆ ಅದರ ಚಂದ ಕಾಣುವುದಿಲ್ಲ.

ಮಣ್ಣಪಳ್ಳ ರೌಂಡ್ಸ್ · ಮಂಗಳವಾರ ರಾತ್ರಿ

ಚಿನ್ನದ ಚುಕ್ಕೆಯದು ಪೆಸಿಫಿಕ್ ಗೋಲ್ಡನ್ ಪ್ಲವರ್. ಸೈಬೀರಿಯಾದ ಕಡೆ ಮರಿ ಮಾಡುವ ಹಕ್ಕಿ. ನಿಮ್ಮ ಬೈಲಿಗೆ ಅದು ಬರುವುದೇ ದೊಡ್ಡ ಸಂಗತಿ ಅಣ್ಣ. ಗದ್ದೆಯನ್ನು ಲೇಔಟ್ ಮಾಡಿದರೆ ಅದು ಮತ್ತೆ ಬರುವುದಿಲ್ಲ.

ಬೈಲುಮನೆ · ಮಂಗಳವಾರ ರಾತ್ರಿ

ಲೇಔಟ್ ಮಾಡುವ ಯೋಚನೆ ಇಲ್ಲ. ಕೆಲಸಕ್ಕೆ ಜನ ಸಿಕ್ಕಿದರೆ ಸಾಕು.

600 ಎಂಎಂ · ಬುಧವಾರ ಬೆಳಗ್ಗೆ

ನನ್ನದು ಬೇರೆ ಪ್ರಶ್ನೆ. ನವರಂಗ ಬಂದಿದೆ ಅಂತ ಎಲ್ಲರೂ ಹೇಳುತ್ತಾರೆ, ಒಂದು ಸರಿಯಾದ ಫೋಟೋ ಸಿಕ್ಕಿಲ್ಲ. ಕೊಣಾಜೆ ಕ್ಯಾಂಪಸ್ ಕಡೆ ಕೂಗುವುದು ಕೇಳಿದೆ, ಹೊರಗೆ ಬರಲೇ ಇಲ್ಲ. ಮೊಬೈಲಿನಲ್ಲಿ ಅದರ ಸ್ವರ ಹಾಕಿದರೆ ಬರುತ್ತದೆ ಅಂತ ಗೊತ್ತು. ಎರಡು ಸಲ ಹಾಕಿದರೆ ಎಂತ ಆಗುತ್ತದೆ? ಯಾರಾದರೂ ಖಚಿತ ಜಾಗ ಇದ್ದರೆ ಲೊಕೇಶನ್ ಹಾಕಿ.

ಮೂಡುಬಿದಿರೆ ಟೀಚರ್ · ಬುಧವಾರ ಸಂಜೆ

ಎಂತ ಆಗುತ್ತದೆ ಅಂತ ಹೇಳುತ್ತೇನೆ ಕೇಳಿ. ನವರಂಗ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡಿ ಚಳಿಗಾಲ ಕಳೆಯಲು ನಮ್ಮ ಕಡೆಗೆ, ಶ್ರೀಲಂಕಾದವರೆಗೆ ಬರುತ್ತದೆ. ಇಲ್ಲಿ ಬಂದ ಮೇಲೆ ಒಂಟಿಯಾಗಿ ಒಂದೊಂದು ಪೊದೆಯ ಜಾಗ ಹಿಡಿದುಕೊಂಡು ಕಾಯುತ್ತದೆ. ನೀವು ಸ್ವರ ಹಾಕಿದರೆ ಇನ್ನೊಂದು ನವರಂಗ ತನ್ನ ಜಾಗಕ್ಕೆ ನುಗ್ಗಿತು ಅಂತ ಹುಳ ಹೆಕ್ಕುವುದು ಬಿಟ್ಟು ಜಗಳಕ್ಕೆ ಬರುತ್ತದೆ. ನೀವು ಎರಡು ಸಲ, ನಿಮ್ಮ ಹಿಂದೆ ಬಂದವರು ಎರಡು ಸಲ, ಭಾನುವಾರದ ಗುಂಪು ಹತ್ತು ಸಲ. ಯಾರೂ "ಜಾಸ್ತಿ" ಹಾಕಿರುವುದಿಲ್ಲ!

ಸ್ವರ ಹಾಕದೆ ನೋಡುವುದು ಕಷ್ಟವೇನಲ್ಲ. ಅದು ಕೂಗುವುದು ಬೆಳಕು ಹರಿಯುವಾಗ ಮತ್ತು ಸಂಜೆ ಆರರ ಹೊತ್ತಿಗೆ, ಎರಡು ಸ್ವರದ ಸಿಳ್ಳೆ. ಸಂಜೆ ಐದೂವರೆಗೆ ಹೋಗಿ ತರಗೆಲೆ ದಪ್ಪ ಇರುವ ಪೊದೆಯ ಎದುರು, ಕಾಲು ಅಲ್ಲಾಡಿಸದೆ ಕೂರಿ. ತರಗೆಲೆ ಮಗುಚುವ ಸದ್ದು ಕೇಳಿದರೆ ಅಲ್ಲೇ ನೋಡಿ. ಉಣ್ಣಿ ಹತ್ತದ ಹಾಗೆ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ, ಘಟ್ಟದ ಬುಡದಲ್ಲಿ ಮಂಗನ ಕಾಯಿಲೆಯ ಕಾಲವೂ ಹತ್ತಿರ ಬಂತು.

ಲೊಕೇಶನ್ ಹಾಕುವುದಿಲ್ಲ.

600 ಎಂಎಂ · ಬುಧವಾರ ರಾತ್ರಿ

ಟೀಚರ್, ನಾನು ಹಣ ಕೊಟ್ಟು ಲೆನ್ಸ್ ತಗೊಂಡದ್ದು ಪೊದೆಯ ಎದುರು ಕೂರಲಿಕ್ಕಾ? ಫೋಟೋ ನೋಡಿಯೇ ಜನರಿಗೆ ಹಕ್ಕಿ ಮೇಲೆ ಪ್ರೀತಿ ಬರುವುದು. ಈ ವೇದಿಕೆಯಲ್ಲಿ ಅರ್ಧ ಜನ ಶುರು ಮಾಡಿದ್ದೇ ಯಾರದ್ದೋ ಫೋಟೋ ನೋಡಿ. ಎಲ್ಲವನ್ನೂ ಗುಟ್ಟಾಗಿ ಇಟ್ಟರೆ ಹೊಸಬರು ಕಲಿಯುವುದು ಹೇಗೆ?

ಪಡುಕೆರೆ ಗಾಳಿ · ಬುಧವಾರ ರಾತ್ರಿ

ನಿಮ್ಮ ಮಾತಿನಲ್ಲೂ ಅರ್ಧ ಹುರುಳಿದೆ. ಜಾಗ ಹೇಳುವುದು, ಮರ ತೋರಿಸುವುದು ಬೇರೆ ಬೇರೆ. "ಕೋಡಿಬೆಂಗ್ರೆಗೆ ಹೋಗಿ" ಅನ್ನುವುದರಿಂದ ಯಾರಿಗೂ ನಷ್ಟ ಇಲ್ಲ, ಅದು ದೊಡ್ಡ ಜಾಗ. "ಇಂಥ ಮನೆಯ ಹಿಂದಿನ ಇಂಥ ಮರದ ಪೊಟರೆಯಲ್ಲಿ ಗೂಬೆ ಇದೆ" ಅಂದರೆ ಮರುದಿನ ಹದಿನೈದು ಬೈಕ್. ಬಿಳಿಹೊಟ್ಟೆಯ ಕಡಲ ಹದ್ದು ಈಗ ಗೂಡು ಸರಿ ಮಾಡಿಕೊಳ್ಳುವ ಕಾಲ. ಕಡಲ ಬದಿಯ ಎತ್ತರದ ಮರಗಳಲ್ಲಿ ವರ್ಷ ವರ್ಷ ಅದೇ ಗೂಡಿಗೆ ಕಡ್ಡಿ ಸೇರಿಸುತ್ತದೆ. ಅದು ಎಲ್ಲಿದೆ ಅಂತ ಮೀನುಗಾರರಿಗೆಲ್ಲ ಗೊತ್ತು, ಅವರು ತಲೆ ಎತ್ತಿಯೂ ನೋಡುವುದಿಲ್ಲ, ಹಾಗಾಗಿ ಅದು ಅಲ್ಲೇ ಇದೆ.

ಮೂಡುಬಿದಿರೆ ಟೀಚರ್ · ಗುರುವಾರ ಬೆಳಗ್ಗೆ

ಗೂಬೆಯ ಮಾತು ಬಂತಲ್ಲ, ನಾಗಬನದ ಬಗ್ಗೆ ಹೇಳಲೇಬೇಕು. ನಮ್ಮ ಊರುಗಳಲ್ಲಿ ಹಳೆಯ ಮರ ಉಳಿದಿರುವುದು ಎಷ್ಟೋ ಕಡೆ ನಾಗಬನದಲ್ಲಿ ಮಾತ್ರ. ಸುರಗಿ, ರೆಂಜೆ, ಹೆಬ್ಬಲಸು, ದಪ್ಪ ದಪ್ಪ ಬಳ್ಳಿಗಳು. ಹತ್ತು ಸೆಂಟ್ಸ್ ಜಾಗ ಅಷ್ಟೆ, ಆದರೆ ಪೊಟರೆ ಬೇಕಾದ ಹಕ್ಕಿಗಳಿಗೆ ಇಡೀ ರಬ್ಬರ್ ತೋಟದಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ. ರಬ್ಬರ್ ಮರ ಪೊಟರೆ ಆಗುವಷ್ಟು ಮುದಿಯಾಗಲು ಯಾರೂ ಬಿಡುವುದಿಲ್ಲ ಅಲ್ವಾ. ಮಂಗಟ್ಟೆ ಹಣ್ಣಿಗೆ ಬರುತ್ತದೆ, ಭೀಮರಾಜ ಅಲ್ಲೇ ಕೂತು ಹತ್ತು ಹಕ್ಕಿಗಳ ಸ್ವರ ತೆಗೆಯುತ್ತದೆ.

ಈಗ ಜೀರ್ಣೋದ್ಧಾರ ಅಂತ ಮರ ಕಡಿದು ನಾಗನಿಗೆ ಕಾಂಕ್ರೀಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಮೇಲೆ ತಗಡಿನ ಮಾಡು. ನಾಗನಿಗೆ ತಂಪು ಬೇಕು ಅಂತ ತನು ಎರೆಯುವವರೇ ನೆರಳು ತೆಗೆಯುತ್ತಾರೆ. ನನ್ನ ಮಾವನವರ ಕುಟುಂಬದಲ್ಲಿ ಈ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಕೊನೆಗೆ ಕಟ್ಟೆ ಆಯಿತು, ಮರಗಳಲ್ಲಿ ಅರ್ಧ ಉಳಿದವು. ಬನಕ್ಕೆ ಹಕ್ಕಿ ನೋಡಲು ಹೋಗುವವರು ಮನೆಯವರನ್ನು ಕೇಳಿ, ಹೊರಗೆ ನಿಂತು ನೋಡಿ. ಒಳಗೆ ಹೋಗುವುದು ಬೇಡವೇ ಬೇಡ.

ಹೊಸಬರಿಗೆ ಇನ್ನೊಂದು. ಮರ್ಲಿನ್ ಆ್ಯಪ್ ಸ್ವರ ಕೇಳಿ ಹೆಸರು ಹೇಳುತ್ತದೆ, ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಭೀಮರಾಜನ ಎದುರು ಅದನ್ನು ನಂಬಬೇಡಿ. ಅದು ಶಿಕ್ರಾ ಹಾಗೆ ಕೂಗಿದರೆ ಆ್ಯಪ್ ಶಿಕ್ರಾ ಅನ್ನುತ್ತದೆ. ಕಣ್ಣಿನಲ್ಲಿ ನೋಡದೆ ಇ-ಬರ್ಡ್ ಪಟ್ಟಿಗೆ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹಾಕಬೇಡಿ.

ಕದ್ರಿ ಗುಡ್ಡೆ · ಗುರುವಾರ ಮಧ್ಯಾಹ್ನ

ಕೆರೆಗಳದ್ದೂ ಇದೇ ಕಥೆ ಟೀಚರ್. ನಮ್ಮ ಕಡೆ ಒಂದು ಕೆರೆ ಇತ್ತು. ಹೆಸರು ಬೇಡ. ತಾವರೆ ಎಲೆ ಮೇಲೆ ದೇವನಕ್ಕಿ ನಡೆಯುತ್ತಿತ್ತು, ಆಪಿನ ನಡುವೆ ಜಂಬುಕೋಳಿ, ಹುಂಡುಕೋಳಿ. "ಅಭಿವೃದ್ಧಿ" ಬಂತು. ಹೂಳು ತೆಗೆದರು, ಒಳ್ಳೆಯದು. ಜತೆಗೆ ಗಿಡವನ್ನೂ ಪೂರ್ತಿ ತೆಗೆದರು. ನಾಲ್ಕೂ ಬದಿ ನೇರ ಕಲ್ಲಿನ ಗೋಡೆ, ಮೇಲೆ ಟೈಲ್ಸ್, ಬಣ್ಣದ ಲೈಟು. ದಡವೇ ಇಲ್ಲದ ಕೆರೆಯಲ್ಲಿ ಕಾಲಿಡುವುದೆಲ್ಲಿ? ಈಗ ನೀರುಕಾಗೆ ಒಂದೆರಡು ಬರುತ್ತವೆ. ಒಂದು ಬದಿಯಲ್ಲಾದರೂ ಇಳಿಜಾರು ಮಣ್ಣಿನ ದಡ, ಸ್ವಲ್ಪ ಜೊಂಡು ಬಿಡಿ ಅಂತ ಮನವಿ ಕೊಟ್ಟಿದ್ದೆವು. ಸೀಲು ಹಾಕಿ ತಗೊಂಡರು.

ಹೋಲಿಕೆಗೆ ಹೇಳುತ್ತೇನೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ) ಬಂತು. ಅದೇ ಹೊತ್ತಿಗೆ ಗದಗದ ಮಾಗಡಿ ಕೆರೆಗೂ ಬಂತು. ನಮ್ಮ ಎರಡು ಜಿಲ್ಲೆಗಳಿಂದ ಆ ಪಟ್ಟಿಯಲ್ಲಿ ಒಂದೂ ಇಲ್ಲ. ಅಳಿವೆ ನಮ್ಮಲ್ಲೂ ಇದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡೂ ಇದೆ.

ಉಪ್ಪೂರು ಅಕ್ಕ · ಗುರುವಾರ ರಾತ್ರಿ

ತುರ್ತು ಪ್ರಶ್ನೆ. ಸಂಜೆ ಮನೆಯ ಕಿಟಕಿ ಗಾಜಿಗೆ ಬಣ್ಣ ಬಣ್ಣದ ಹಕ್ಕಿಯೊಂದು ಬಡಿದು ಬಿದ್ದಿದೆ. ಹಸಿರು ಬೆನ್ನು, ಹೊಟ್ಟೆಯ ಕೆಳಗೆ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ, ಬಾಲ ಗಿಡ್ಡ. ಉಸಿರಾಡುತ್ತಿದೆ, ಹಾರುತ್ತಿಲ್ಲ. ಮಕ್ಕಳು ನೀರು ಕುಡಿಸಲು ನೋಡುತ್ತಿದ್ದಾರೆ.

ಮೂಡುಬಿದಿರೆ ಟೀಚರ್ · ಗುರುವಾರ ರಾತ್ರಿ

ನೀರು ಕುಡಿಸಬೇಡಿ ಅಕ್ಕ! ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅದು ನವರಂಗವೇ. ರಟ್ಟಿನ ಪೆಟ್ಟಿಗೆಗೆ ಗಾಳಿಗೆ ತೂತು ಮಾಡಿ, ಕೆಳಗೆ ಹಳೆಯ ಬಟ್ಟೆ ಹಾಕಿ, ಅದರೊಳಗೆ ಬಿಟ್ಟು ಮುಚ್ಚಿ. ಕತ್ತಲೆ, ನಿಶ್ಶಬ್ದ, ಬೆಕ್ಕು ಬರದ ಜಾಗ. ಮಕ್ಕಳು ತೆಗೆದು ತೆಗೆದು ನೋಡುವುದು ಬೇಡ. ರಾತ್ರಿ ಹೊರಗೆ ಬಿಡಬೇಡಿ. ಬೆಳಕು ಹರಿದ ಮೇಲೆ ಪೊದೆ ಹತ್ತಿರ ಪೆಟ್ಟಿಗೆ ಇಟ್ಟು ಬಾಯಿ ತೆರೆಯಿರಿ. ರೆಕ್ಕೆ ಜೋತು ಬಿದ್ದಿದ್ದರೆ ಅಥವಾ ನಿಲ್ಲಲೇ ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮನೆಯಲ್ಲಿ ಇಟ್ಟು ಸಾಕುವ ಹಾಗಿಲ್ಲ.

ಉಪ್ಪೂರು ಅಕ್ಕ · ಶುಕ್ರವಾರ ಬೆಳಗ್ಗೆ

ಹಾರಿಹೋಯಿತು! ಪೆಟ್ಟಿಗೆ ತೆರೆದು ಐದು ನಿಮಿಷ ಸುಮ್ನೆ ಕೂತಿತ್ತು, ಆಮೇಲೆ ಕುಪ್ಪಳಿಸಿ ದಾಸವಾಳದ ಬುಡಕ್ಕೆ ಹೋಯಿತು, ಅಲ್ಲಿಂದ ಕೆಳಮಟ್ಟದಲ್ಲೇ ಹಾರಿ ಪಕ್ಕದ ಹಾಡಿಗೆ. ಕಿಟಕಿ ಗಾಜಿನ ಹೊರಗಡೆ ಮಕ್ಕಳು ಸುಣ್ಣದಿಂದ ಗೆರೆ ಎಳೆಯುತ್ತಿದ್ದಾರೆ, ಇನ್ನೊಂದು ಬಡಿಯದ ಹಾಗೆ.

600 ಎಂಎಂ · ಶುಕ್ರವಾರ ಬೆಳಗ್ಗೆ

ನಾನು ಪೊದೆಯ ಎದುರು ಕೂರುವುದು, ನವರಂಗ ಉಪ್ಪೂರಿನವರ ಕಿಟಕಿಗೆ ಬರುವುದು. ಇರಲಿ. ಅಕ್ಕ, ಫೋಟೋ ತೆಗೆದಿರಾ?

ಉಪ್ಪೂರು ಅಕ್ಕ · ಶುಕ್ರವಾರ ಬೆಳಗ್ಗೆ

ಇಲ್ಲ, ಪೆಟ್ಟಿಗೆ ಹಿಡಿದಿದ್ದೆ.

ಎಂಡ್ ಪಾಯಿಂಟ್ · ಶುಕ್ರವಾರ ರಾತ್ರಿ

ಅಮುರ್ ಫಾಲ್ಕನ್ ಅನ್ನುವ ಸಣ್ಣ ಬೇಟೆ ಹಕ್ಕಿ ನಮ್ಮ ಕಡೆ ಹಾದು ಹೋಗುತ್ತದಂತೆ, ಹೌದಾ? ಮಣಿಪಾಲದ ಪದವಿನ (ಎತ್ತರದ ಬಯಲು) ಮೇಲೆ ನಿಂತು ಕಾಯಬಹುದಾ?

ಪಡುಕೆರೆ ಗಾಳಿ · ಶುಕ್ರವಾರ ರಾತ್ರಿ

ಕಾಯಬಹುದು, ಖಾತರಿ ಇಲ್ಲ. ಚೀನಾದ ಈಶಾನ್ಯ, ಸೈಬೀರಿಯಾದ ಆಗ್ನೇಯ ಕಡೆಯಿಂದ ಹೊರಟು, ನಾಗಾಲ್ಯಾಂಡ್, ಮಣಿಪುರದಲ್ಲಿ ಗೆದ್ದಲು ತಿಂದು ಕೊಬ್ಬಿ, ಅಲ್ಲಿಂದ ಭಾರತ ದಾಟಿ, ಅರಬ್ಬಿ ಕಡಲನ್ನು ಎಲ್ಲೂ ಇಳಿಯದೆ ದಾಟಿ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. ಹೋಗುವಾಗ ಪಶ್ಚಿಮ ಕರಾವಳಿಯಲ್ಲೂ ನವೆಂಬರ್ ಮಧ್ಯದ ನಂತರ ಅಲ್ಲಲ್ಲಿ ಕಾಣುತ್ತದೆ. ಏರೋಪ್ಲೇನ್ ಚಿಟ್ಟೆಗಳ ಹಿಂಡು ಪದವಿನ ಮೇಲೆ ಜಾಸ್ತಿ ಇರುವ ದಿನ ಕತ್ತೆತ್ತಿ ನೋಡಿ. ಅವೂ ಆಫ್ರಿಕಾಕ್ಕೇ ಹೊರಟವು, ದಾರಿ ಖರ್ಚಿಗೆ ಇದಕ್ಕೆ ಅವೇ ಊಟ. ಫಾಲ್ಕನ್ ಬರಲಿಲ್ಲ ಅಂದರೂ ಪದವಿನ ಹುಲ್ಲಿನಲ್ಲಿ ಜುಟ್ಟಿನ ನೆಲಗುಬ್ಬಿ, ಹಳದಿ ಗಲ್ಲದ ಟಿಟ್ಟಿಭ ಸಿಗುತ್ತವೆ. ಪಾಳು ಬಿದ್ದ ಜಾಗ ಅಂತ ಎಲ್ಲರೂ ಬೇಲಿ ಹಾಕುವ ಮೊದಲು ನೋಡಿಕೊಳ್ಳಿ.

ಮೂಡುಬಿದಿರೆ ಟೀಚರ್ · ಶನಿವಾರ ಬೆಳಗ್ಗೆ

ಮಕ್ಕಳಿರುವವರಿಗೆ ಸೂಚನೆ. ನವೆಂಬರ್ 12 ಸಲೀಂ ಅಲಿ ಹುಟ್ಟಿದ ದಿನ (1896). ನಮ್ಮ ಶಾಲೆಯಲ್ಲಿ ಆ ದಿನ ಮಕ್ಕಳು ತಮ್ಮ ತಮ್ಮ ಮನೆಯ ಹಿತ್ತಿಲಲ್ಲೇ ಕಾಲು ಗಂಟೆ ಕೂತು ಕಂಡದ್ದನ್ನೆಲ್ಲ ಬರೆಯುತ್ತಾರೆ. ಪೇರಲೆ ಗಿಡದ ಬುಡದಲ್ಲಿ "ಚಕ್, ಚಕ್" ಅನ್ನುವ ಕಂದು ಹಕ್ಕಿಯನ್ನು ಹತ್ತರಲ್ಲಿ ಒಂಬತ್ತು ಮಕ್ಕಳು ಬರೆಯುವುದಿಲ್ಲ. ಅದು ಬ್ಲಿತ್ಸ್ ರೀಡ್ ವಾರ್ಬ್ಲರ್, ಫಿನ್‌ಲ್ಯಾಂಡ್‌ನಿಂದ ಸೈಬೀರಿಯಾವರೆಗೆ ಮರಿ ಮಾಡುವ ಹಕ್ಕಿ. ಹೊರಗೆಲ್ಲೂ ಹೋಗದೆ ಬಚ್ಚಲ ಹಿಂದೆಯೇ ವಲಸೆ ಹಕ್ಕಿ ನೋಡಬಹುದು. ಕಾವೂರಿನ ಅಪ್ಪ, ನಿಮ್ಮ ಮಗಳಿಗೆ ಅಲ್ಲಿಂದ ಶುರು ಮಾಡಿಸಿ.

ಕಾವೂರಿನ ಅಪ್ಪ · ಭಾನುವಾರ ರಾತ್ರಿ

ಕೋಡಿಬೆಂಗ್ರೆಗೆ ಹೋಗಿ ಬಂದೆವು. ಬೆಳಗ್ಗೆ ಎಂಟರ ಹೊತ್ತಿಗೆ ಇಳಿತ ಅಂತ ಆ್ಯಪ್ ಹೇಳಿತ್ತು. ಮಲ್ಪೆಯ ದೋಣಿಯವರೊಬ್ಬರೂ ಅದನ್ನೇ ಹೇಳಿದರು. ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿ ಹೋಗುವ ದಾರಿಯೇ ಚಂದ, ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ಕೆಮ್ಮಣ್ಣಿನ ಹತ್ತಿರ ತಂತಿ ಮೇಲೆ ಕವಲುತೋಕೆ ಹಕ್ಕಿಗಳ ಸಾಲು ನೋಡಲು ನಿಲ್ಲಿಸಿದ್ದಕ್ಕೆ ಹಿಂದಿನ ಬಸ್ಸಿನವರ ಹಾರ್ನ್ ತಿಂದೆವು.

ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾವಿಬ್ಬರು ದಡದುದ್ದ ನಡೆದೆವು. ಸ್ಯಾಂಡರ್ಲಿಂಗ್ ಸಿಕ್ಕಿತು. ಗಾಳಿಯಣ್ಣ ಹೇಳಿದ ಹಾಗೇ ಮಗಳು ನಕ್ಕು ನಕ್ಕು ಮರಳಿನಲ್ಲಿ ಕೂತಳು. ಸ್ಯಾಂಡ್ ಪ್ಲವರ್ ಎಣಿಸಲು ಹೋಗಿ ನಾನು ಬಿಟ್ಟೆ, ಅವಳು ಬಿಡಲಿಲ್ಲ. ನೀರು ಏರುತ್ತಾ ಬಂದ ಹಾಗೆ ಹಕ್ಕಿಗಳು ನಿಜವಾಗಿಯೂ ನಮ್ಮ ಕಡೆಗೇ ಬಂದವು, ನಾವು ಒಂದು ಹೆಜ್ಜೆ ಮುಂದೆ ಇಡಬೇಕಾಗಲಿಲ್ಲ. ಒಂದು ವಿಂಬ್ರೆಲ್ ಏಡಿಯ ಕಾಲು ಒಂದೊಂದಾಗಿ ಕಿತ್ತು ನುಂಗಿತು.

ವಾಪಸ್ ಬರುವಾಗ ಅಮ್ಮನ ಹತ್ತಿರ ನಮಗಿಂತ ಜಾಸ್ತಿ ಸುದ್ದಿ ಇತ್ತು. ಮರುವಾಯಿ (ಚಿಪ್ಪುಮೀನು) ಹೆಕ್ಕಲು ಬಂದ ಹೆಂಗಸರ ಜತೆ ತುಳುವಿನಲ್ಲಿ ಮಾತಿಗೆ ಕೂತಿದ್ದರು. ಈ ಸಣ್ಣ ಹಕ್ಕಿಗಳು ಸೋಣ ತಿಂಗಳಿನಿಂದಲೇ (ಆಗಸ್ಟ್–ಸೆಪ್ಟೆಂಬರ್) ಬರಲು ಶುರು ಮಾಡುತ್ತವೆ, ಬರುವಾಗ ಒಂದೆರಡಕ್ಕೆ ಕೆಂಚು ಬಣ್ಣ ಉಳಿದಿರುತ್ತದೆ, ಆಮೇಲೆ ಎಲ್ಲ ಬೂದಿ ಆಗುತ್ತವೆ, ಹೋಗುವ ಮೊದಲು ಮತ್ತೆ ಕೆಂಚು ಬರುತ್ತದೆ ಅಂದರಂತೆ. ಮರುವಾಯಿ ಕಡಿಮೆಯಾಗುತ್ತಿದೆ, ಮರಳು ತೆಗೆದ ಕಡೆ ಹಕ್ಕಿಯೂ ಇಳಿಯುವುದಿಲ್ಲ ಅಂತಲೂ ಹೇಳಿದರಂತೆ. ಅಮ್ಮ ಒಂದು ಸೇರು ಮರುವಾಯಿ ತಗೊಂಡು ಬಂದಿದ್ದಾರೆ. ರಾತ್ರಿ ಪುಂಡಿ, ಮರುವಾಯಿ ಸುಕ್ಕ.

ಪಡುಕೆರೆ ಗಾಳಿ · ಭಾನುವಾರ ರಾತ್ರಿ

ಆ ಹೆಂಗಸರು ಹೇಳಿದ ಬಣ್ಣದ ಲೆಕ್ಕ ಪೂರ್ತಿ ಸರಿ. ಸ್ಯಾಂಡ್ ಪ್ಲವರ್ ಮರಿ ಮಾಡುವ ಕಾಲದಲ್ಲಿ ಎದೆ ಕೆಂಚು, ನಮ್ಮಲ್ಲಿರುವಾಗ ಬೂದು. ಏಪ್ರಿಲ್‌ನಲ್ಲಿ ಒಮ್ಮೆ ಹೋಗಿ ನೋಡಿ.

ಕಾವೂರಿನ ಅಪ್ಪ · ಭಾನುವಾರ ರಾತ್ರಿ

ಒಂದು ಫೋಟೋ ಹಾಕಿದ್ದೇನೆ, ಮೊಬೈಲನ್ನು ಬೈನಾಕ್ಯುಲರಿಗೆ ಹಿಡಿದು ತೆಗೆದದ್ದು, ಮಸುಕು. ಸೀಗಲ್‌ಗಳ ಹಿಂಡು. ಮಗಳು ಎರಡು ಜಾತಿ ಇದೆ ಅನ್ನುತ್ತಾಳೆ, ನನಗೆ ಒಂದೇ ಕಾಣುತ್ತದೆ. ಹಿಂದೆ ಒಂದು ದೊಡ್ಡದು ಬೇರೆ ನಿಂತಿದೆ.

ಮಣ್ಣಪಳ್ಳ ರೌಂಡ್ಸ್ · ಭಾನುವಾರ ರಾತ್ರಿ

ಮಗಳು ಸರಿ. ಈ ಕಾಲದಲ್ಲಿ ಎರಡಕ್ಕೂ ತಲೆಯ ಬಣ್ಣ ಹೋಗಿರುತ್ತದೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಹಾಗಾಗಿ ರೆಕ್ಕೆ ನೋಡಿ. ಎಡಗಡೆ ಹಾರುತ್ತಿರುವುದಕ್ಕೆ ರೆಕ್ಕೆಯ ತುದಿ ಪೂರ್ತಿ ಕಪ್ಪು, ಆ ಕಪ್ಪಿನೊಳಗೆ ಬಿಳಿ ಚುಕ್ಕೆ. ಅದು ಬ್ರೌನ್ ಹೆಡೆಡ್ ಗಲ್. ಬಲಗಡೆಯದಕ್ಕೆ ರೆಕ್ಕೆಯ ಮುಂದಿನ ಅಂಚು ಬಿಳಿ ಪಟ್ಟಿ, ಅದು ಬ್ಲ್ಯಾಕ್ ಹೆಡೆಡ್. ಹತ್ತಿರದಿಂದ ನೋಡಿದರೆ ಮೊದಲಿನದರ ಕಣ್ಣು ತಿಳಿ ಬಣ್ಣ, ಎರಡನೆಯದರ ಕಣ್ಣು ಕಪ್ಪು. ಹಿಂದಿನ ದೊಡ್ಡದು, ಬೆನ್ನು ಕಡು ಬೂದು, ಕಾಲು ಹಳದಿ ಕಾಣುತ್ತಿದೆ. ಹ್ಯೂಗ್ಲಿನ್ಸ್ ಗಲ್ ಇರಬೇಕು. ಗಾಳಿಯವರೇ, ನೀವೇನು ಹೇಳುತ್ತೀರಿ?

ಪಡುಕೆರೆ ಗಾಳಿ · ಭಾನುವಾರ ರಾತ್ರಿ

ಹ್ಯೂಗ್ಲಿನ್ಸೇ. ಫೋಟೋ ಸಮೇತ ಪಟ್ಟಿಗೆ ಹಾಕಿ, ಮಸುಕಾದರೂ ಪರವಾಗಿಲ್ಲ. ಎಣಿಕೆಗೆ ಮಗಳ ಲೆಕ್ಕವನ್ನೇ ಬರೆಯಿರಿ.